ತಾತ, ಮೊಮ್ಮಗ ಮತ್ತು ನಾಲ್ಕು ಬೆರಳು

೧

ಸೋಫಾ ಒಂದನ್ನು ಎಲ್ಲಿಂದ ಶುರು ಮಾಡುತ್ತಾರೆ? ಕಾಲಿನಿಂದಲೋ, ಬೆನ್ನಿನಿಂದಲೋ, ಕೂರುವ ಜಾಗದಿಂದಲೋ? ಅದು ಗೊತ್ತಾದರೆ ಈ ಕತೆಯನ್ನೂ ಅಲ್ಲಿಂದಲೇ ಶುರು ಮಾಡಿಬಿಡಬಹುದು ಎಂಬ ದುರಾಸೆಯಿಂದ ನಾನು ಕತ್ತರಿಯಕ್ಕನನ್ನೇ ಕೇಳಿದೆ. ಕತ್ತರಿಯಕ್ಕ ಸೋಫಾಗಳಿಗೆ ಬಟ್ಟೆ ಕತ್ತರಿಸಿ ಹೊಲಿಯುವವಳು, ಈ ಕತೆಯ ನಾಯಕಿ. ವಯಸ್ಸು ಐವತ್ತೆಂಟು. ಎತ್ತರ ಹೇಳಿದರೆ ಬೈಯುತ್ತಾಳೆ. ಬಾಯಲ್ಲಿ ಕಚ್ಚಿಕೊಂಡಿದ್ದ ಎರಡು ಗುಂಡುಪಿನ್ನು ತೆಗೆದು ಹೇಳಿದಳು:

"ಬಟ್ಟೆ ಬಂತಾ ಅಂತ ಫೋನ್ ಮಾಡೋದ್ರಿಂದ."

ಏನೋ ಘನವಾದ ಮಾತು ಬೀಳುತ್ತದೆಂದು ಪೆನ್ನು ಹಿಡಿದು ಕೂತಿದ್ದ ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಯಿತು, ಹಾಗೇ ಆಗಲಿ. ಬಟ್ಟೆ ಬಂದಿತ್ತು.

೨ (ಕೈಬಿಟ್ಟ ಕರಡು)

"ಎಪ್ಪತ್ತು ವರ್ಷಗಳ ಹಿಂದೆ, ಡೆನ್ಮಾರ್ಕಿನ ಒಂದು ಪುಟ್ಟ ಕಾರ್ಯಾಗಾರದಲ್ಲಿ, ಕಿಟಕಿಯಾಚೆ ಹಿಮವು ಮೌನವಾಗಿ ಸುರಿಯುತ್ತಿರಲು, ಒಬ್ಬ ಬಡಗಿಯು ತನ್ನ ಕನಸಿಗೆ ಮರದ ರೂಪವನ್ನು..."

ಬೇಡ. ಹಿಮವನ್ನು ನಾನು ನೋಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಮೇಲಾಗಿ "ಸುರಿಯುತ್ತಿರಲು" ಅಂತ ಬರೆದ ಕೈಗೆ ಎರಡೇಟು ಕೊಡಬೇಕು.

೨ (ಮತ್ತೊಮ್ಮೆ, ನೆಟ್ಟಗೆ)

ಅಣ್ಣ ತಂಗಿ ಇಬ್ಬರದೊಂದು ವರ್ಕ್‌ಶಾಪ್. ತಗಡಿನ ಮಾಡಿನ ದೊಡ್ಡ ಶೆಡ್ಡು. ಒಂದು ಮಗ್ಗುಲಲ್ಲಿ ಅಣ್ಣನ ಮರಗೆಲಸ, ಇನ್ನೊಂದು ಮಗ್ಗುಲಲ್ಲಿ ತಂಗಿಯ ಬಟ್ಟೆ, ಸ್ಪಂಜು, ದಾರ. ನಡುವೆ ಮರದ ಹೊಟ್ಟು ಈಚೆ ಬರಬಾರದೆಂದು ಇಳಿಬಿಟ್ಟ ಪ್ಲಾಸ್ಟಿಕ್ ಪರದೆ. (ಹೊಟ್ಟು ಬಂದೇ ಬರುತ್ತದೆ. ಆ ಪರದೆ ಇರುವುದು ಜಗಳವಾದಾಗ ಸರಕ್ಕನೆ ಎಳೆದುಕೊಳ್ಳುವುದಕ್ಕೆ.)

ಆ ಶೆಡ್ಡಿನ ಮೂಲೆಯಲ್ಲಿ ಒಂದು ಹಳೇ ಡೇನಿಷ್ ಸೋಫಾ ಇದೆ. ಇವರಪ್ಪ ಬದುಕಿದ್ದಾಗ ಯಾವುದೋ ಹೋಟೆಲಿನ ಹಳೇ ಸಾಮಾನಿನ ಹರಾಜಿನಲ್ಲಿ ಹಿಡಿದು ತಂದದ್ದು. ಮೂರು ಜನ ಕೂರುವಂಥದು. ತೇಗದ ಚೌಕಟ್ಟು, ಸಪೂರ ತೋಳು, ಕೆಳಗೆ ಹೋಗುತ್ತ ಹೋಗುತ್ತ ಸಣ್ಣಗಾಗುವ ನಾಲ್ಕು ಕಾಲು, ಬೆನ್ನಿಗೆ ಎರಡು ಸಾಲು ಗುಂಡಿ. ಅದರ ಡೇನಿಷ್ ಹೆಸರು ಯಾರ ನಾಲಿಗೆಗೂ ಹೊರಳದ ಕಾರಣ ಶೆಡ್ಡಿನಲ್ಲಿ ಎಲ್ಲರೂ ಅದನ್ನು "ತಾತ" ಎನ್ನುತ್ತಾರೆ. ನೋಡಲು ತಾತ ಬಲು ಸೊಗಸುಗಾರ. ಒರಗಿ ಕೂತರೆ ಮಾತ್ರ ಕತ್ತರಿಯಕ್ಕನ ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಶಾಲೆ ಬೆಂಚಿನ ಮೇಲೆ ಕೂತ ಮಗುವಿನ ಹಾಗೆ ತೂಗಾಡುತ್ತದೆ.

ಈಗ ಒಂದು ದೊಡ್ಡ ಪೀಠೋಪಕರಣ ಕಂಪನಿಗೆ ತಾತನ ಮೇಲೆ ಮನಸ್ಸಾಯಿತು. ಈ ಡಿಸೈನನ್ನು ಇವತ್ತಿನ ಮನೆಗಳಿಗೆ ಒಗ್ಗುವಂತೆ ತಿದ್ದಿ ಮತ್ತೆ ತರೋಣ ಎಂದು ಹೊರಟರು. ಒಂದೇ ಷರತ್ತು: ತಾತನನ್ನು ಹುಟ್ಟಿಸಿದ ಬಡಗಿಯ ಮಗಳು ಇನ್ನೂ ಇದ್ದಾರೆ, ಎಪ್ಪತ್ತೆಂಟು ವರ್ಷದ ಅಜ್ಜಿ. ಅವರು ಖುದ್ದಾಗಿ ಬಂದು, ಮೊದಲ ಸ್ಯಾಂಪಲ್ ಮೇಲೆ ಕೂತು, ಸರಿ ಎಂದರೆ ಮಾತ್ರ ಮುಂದಿನ ಕೆಲಸ. ಸ್ಯಾಂಪಲ್ ಮಾಡುವ ಕೆಲಸ ಅಣ್ಣ ತಂಗಿಯರ ಪಾಲಿಗೆ ಬಂತು, ಏಕೆಂದರೆ ತಾತ ಇರುವುದು ಅವರ ಹತ್ತಿರ. ಹೊಸ ಸೋಫಾಕ್ಕೆ ಶೆಡ್ಡಿನಲ್ಲಿ ಇಟ್ಟ ಹೆಸರು "ಮೊಮ್ಮಗ".

ಮೊಮ್ಮಗನಿಗೆ ಎಂತೆಂಥ ಉಪಚಾರ ಗೊತ್ತೇ? ಲಿಫ್ಟಿನೊಳಗೆ ಹಿಡಿಯಲೆಂದು ಕಾಲುಗಳನ್ನು ತಿರುಪಿ ಬಿಚ್ಚಬಹುದು. ಮಗು ಹಾಲು ಚೆಲ್ಲಿದರೆ ಹೊದಿಕೆಯ ಜಿಪ್ ಎಳೆದು ವಾಷಿಂಗ್ ಮಶೀನಿಗೆ ಹಾಕಬಹುದು. ಕೂರುವ ಜಾಗ ಮೊದಲಿಗಿಂತ ಆಳ, ಏಕೆಂದರೆ ಈಗಿನವರು ಸೋಫಾದಲ್ಲಿ ಕೂರುವುದಿಲ್ಲ, ಲ್ಯಾಪ್‌ಟಾಪ್ ಸಮೇತ ಕಾಲು ಮೇಲೆ ಹಾಕಿಕೊಂಡು ಒಳಗೆ ಮುಳುಗುತ್ತಾರೆ. ಎಷ್ಟು ಆಳ? ಅರವತ್ತೆರಡು ಸೆಂಟಿಮೀಟರ್. ಈ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಾನು ಮತ್ತೆ ಮತ್ತೆ ಹೇಳುತ್ತ ಕೂರುವವನಲ್ಲ.

೩

"ಅಂಕಿ ಹೇಳ್ಬೇಡಿ, ಜನ ಎದ್ದು ಹೋಗ್ತಾರೆ," ಎಂದಳು ಕತ್ತರಿಯಕ್ಕ ನನ್ನ ಹೆಗಲ ಮೇಲಿಂದ ಹಾಳೆ ಇಣುಕಿ ನೋಡಿ. "ಜಗಳ ಹಾಕಿ. ಜಗಳ ಇದ್ರೆ ಓದ್ತಾರೆ."

ಜಗಳಕ್ಕೇನು ಬರ? ಇದೇ ಇದೆಯಲ್ಲ.

ಸಂಜೆ ಹೊತ್ತಿಗೆ ಕತ್ತರಿಯಕ್ಕನ ಬಲಗೈ ಹೆಬ್ಬೆರಳು ಊದಿಕೊಳ್ಳುತ್ತದೆ. ದಪ್ಪ ಬಟ್ಟೆ, ಭಾರದ ಕತ್ತರಿ, ನಲವತ್ತು ಚಿಲ್ಲರೆ ವರ್ಷದ ದುಡಿಮೆ. ಅಣ್ಣ ಅದನ್ನು ನೋಡಿ ನೋಡಿ ಸಾಕಾಗಿ ಬಟ್ಟೆ ಕತ್ತರಿಸುವ ಮಶೀನಿನ ಒಂದು ಬಣ್ಣದ ಪುಸ್ತಕ ತಂದು ಅವಳ ಮೇಜಿನ ಮೇಲಿಟ್ಟ. ಪ್ರೀತಿಯಿಂದಲೇ ಇಟ್ಟದ್ದು. ಆದರೆ ಇವನಿಗೆ ಪ್ರೀತಿಯ ಮಾತು ಆಡಲು ಬಾರದು, ಅದು ಹುಟ್ಟಿದಾಗಿನಿಂದ ಇರುವ ತೊಂದರೆ. "ಇನ್ಮೇಲೆ ಇದೇ ಕತ್ರಿಸುತ್ತೆ. ನೀನು ಸುಮ್ನೆ ಕೂತ್ಕೊ," ಎಂದುಬಿಟ್ಟ.

ಸುಮ್ಮನೆ ಕೂತ್ಕೊ! ಕತ್ತರಿಯಕ್ಕ ಆ ಪುಸ್ತಕವನ್ನು ಬೋರಲು ಹಾಕಿದಳು. ಅವಳಿಗೆ ಹದಿನಾಲ್ಕು ವರ್ಷವಾದಾಗ ಅಪ್ಪ ಆ ಕತ್ತರಿ ಕೈಗೆ ಕೊಟ್ಟದ್ದು. ಮದುವೆಯಾಗಲಿಲ್ಲ, ಮನಸ್ಸೂ ಆಗಲಿಲ್ಲ. ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಕತ್ತರಿ ಹೋದರೆ ಬರೀ "ಯಕ್ಕ" ಉಳಿಯುತ್ತದೆ.

"ಕತ್ರಿ ಇಲ್ದೆ ನಾನು ಈ ಶೆಡ್ಡಿಗೆ ಯಾಕ್ ಬರ್ಲಿ? ನಿನ್ ಮುಖ ನೋಡೋಕಾ?"

"ನನ್ ಮುಖಕ್ಕೇನಾಗಿದೆ?"

"ಅದನ್ನ ಅತ್ತಿಗೇನ ಕೇಳು!" ಎಂದು ಅವಳು ಪರದೆ ಎಳೆದಳು. ಮತ್ತೆ ತೆರೆದಳು. (ಪರದೆ ಎಳೆದ ಮೇಲೆ ಒಳ್ಳೆಯ ಮಾತು ಹೊಳೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ.) "ಕೇಳ್ಕೊ. ಈ ಮೊಮ್ಮಗನಲ್ಲಿ ಒಂದೇ ಒಂದು ಬೆರಳು ಹೆಚ್ಚುಕಮ್ಮಿ ಆದ್ರೂ, ನಾನೇ ಕತ್ರಿ ಕೆಳಗಿಡ್ತೀನಿ. ಆಮೇಲೆ ನಿನ್ ಮಶೀನನ್ನೇ ತಬ್ಕೊಂಡು ಕೂತ್ಕೊ. ಆಗ್ಲಿಲ್ವೋ, ಇನ್ನೊಂದ್ಸಲ ಆ ಪುಸ್ತಕ ನನ್ ಮೇಜಿನ ಮೇಲೆ ಕಾಣ್ಬಾರ್ದು."

"ಆಯ್ತು ತಾಯಿ."

"ಆಯ್ತು ಅಂದ್ರೆ ಆಯ್ತು."

ಅಲ್ಲಿಗೆ ಈ ಕತೆಯಲ್ಲಿ ಪಣಕ್ಕೆ ಬಿದ್ದದ್ದು ಏನು ಎಂಬುದು ನಿಮಗೆ ಗೊತ್ತಾಯಿತು. ವಿಮರ್ಶಕರು ಮುಂದೆ ಇದರಲ್ಲಿ ಜಾಗತೀಕರಣ ಹುಡುಕಬಹುದು. ಹುಡುಕಲಿ, ಅವರಿಗೂ ಕೆಲಸ ಬೇಕಲ್ಲ.

೪

ಇನ್ನು ತಪ್ಪು.

(ಈ ಭಾಗವನ್ನು ಬರೆಯಬೇಡಿ ಎಂದು ಕತ್ತರಿಯಕ್ಕ ಮೊದಲು ಅಂಗಲಾಚಿದಳು. ಆಮೇಲೆ, ಬರೆಯುವುದಾದರೆ ಪೂರ್ತಿ ಬರೆಯಿರಿ, ಅರ್ಧಂಬರ್ಧ ಬರೆದರೆ ಸುಮ್ಮನಿರಲ್ಲ ಎಂದಳು.)

ಆ ಶೆಡ್ಡಿನಲ್ಲಿ ಒಂದು ಅಳತೆ ಪೆಟ್ಟಿಗೆ ಇದೆ. ಕೂರಲು ಒಂದು ಮರದ ಪೆಟ್ಟಿಗೆ, ಹಿಂದೆ ಮುಂದೆ ಸರಿಯುವ ಬೆನ್ನಿನ ಹಲಗೆ, ಅದನ್ನು ಬಿಗಿ ಮಾಡಲು ಒಂದು ತಿರುಪು. ಇವರಪ್ಪನ ತಲೆಯಿಂದ ಬಂದದ್ದು. ಹತ್ತು ವರ್ಷದ ಮಗಳನ್ನು ಅದರ ಮೇಲೆ ಕೂರಿಸಿ, ಮಂಡಿ ಮಡಚುವ ಜಾಗ ಪೆಟ್ಟಿಗೆಯ ಅಂಚಿಗೆ ಸರಿಯಾಗಿ ಬಂದಾಗ, ಹಲಗೆಯನ್ನು ಅವಳ ಬೆನ್ನಿಗೆ ತಾಗುವವರೆಗೆ ಎಳೆದು ತಿರುಪು ಬಿಗಿಯುತ್ತಿದ್ದರು. ಮಗು ಎಂದು ಒಂದಷ್ಟು ಸೇರಿಸುತ್ತಿದ್ದರು. ಅವಳಿಗೆ ಹದಿನಾರಾದ ಮೇಲೆ ಸೇರಿಸುವುದು ನಿಂತಿತು, ಅವಳು ಬೆಳೆಯುವುದೂ ನಿಂತಿತು. ಅಪ್ಪ ಹೋದ ಮೇಲೂ ಅವಳೇ ಕೂರುವುದು, ಕೈಯನ್ನು ಹಿಂದಕ್ಕೆ ಚಾಚಿ ಅವಳೇ ಹಲಗೆ ಎಳೆದುಕೊಳ್ಳುವುದು, ಅವಳೇ ಬಿಗಿಯುವುದು. ನಲವತ್ತೆಂಟು ವರ್ಷ ಆ ಶೆಡ್ಡಿನಿಂದ ಹೊರಬಿದ್ದ ಸೋಫಾಗಳೆಲ್ಲ ಕತ್ತರಿಯಕ್ಕನ ಮೈಯಳತೆಯವು. ಕೊಂಡುಹೋದ ಮನೆಗಳಲ್ಲಿ ಹೆಂಗಸರು ಹೊಗಳುತ್ತಾರೆ, ಉದ್ದನೆಯ ಗಂಡಸರು ಗೊಣಗುತ್ತಾರೆ, ಅಣ್ಣ ತಂಗಿ ಇಬ್ಬರಿಗೂ ಯಾಕೆಂದು ಆವರೆಗೆ ಹೊಳೆದಿರಲಿಲ್ಲ.

ಮೊಮ್ಮಗನಿಗೆ ಮಾತ್ರ ಅಳತೆ ಕಾಗದದಲ್ಲಿ ಬಂದಿತ್ತು. ಕತ್ತರಿಯಕ್ಕ ಟೇಪು ಹಿಡಿದು ಹಲಗೆಯನ್ನು ಸರಿಯಾಗಿ ಅರವತ್ತೆರಡಕ್ಕೆ ನಿಲ್ಲಿಸಿದಳು. ತಿರುಪು ಬಿಗಿಯುವ ಮುಂಚೆ, ಹೇಗಿದೆ ನೋಡೋಣ ಎಂದು ಒಮ್ಮೆ ಕೂತಳು. ಆಗಲೇ ಕೊರಿಯರ್‌ನವನ ಫೋನು. ಬಟ್ಟೆ ಗೇಟಿನ ಹತ್ತಿರ ಬಂದಿದೆ ಎಂಬ ಸಂಭ್ರಮದಲ್ಲಿ ಅವಳು "ಬಂದೆ, ಬಂದೆ" ಎನ್ನುತ್ತಿರುವಾಗ ಅವಳ ಬಲಗೈ ತನ್ನ ಪಾಡಿಗೆ ತಾನು ಹಿಂದಕ್ಕೆ ಹೋಯಿತು, ಹಲಗೆಯನ್ನು ಬೆನ್ನಿಗೆ ಎಳೆದುಕೊಂಡಿತು, ತಿರುಪು ಬಿಗಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಬಂದು ಆ ಪೆಟ್ಟಿಗೆಯಿಂದಲೇ ಕಾಗದದ ಮೇಲೆ ಗೆರೆ ಎಳೆದಳು. ಕಾಗದ ಕತ್ತರಿಸಿದಳು. ಕಾಗದವಿಟ್ಟು ಬಟ್ಟೆ ಕತ್ತರಿಸಿದಳು.

ಅಣ್ಣ ಹಿಡಿಯಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹಿಡಿಯುತ್ತಾನೆ? ಆ ಶೆಡ್ಡಿನಲ್ಲಿ ಮೊದಲು ಕುಶನ್, ಆಮೇಲೆ ಮರ. ಅದು ಅಪ್ಪ ಹಾಕಿಕೊಟ್ಟ ಕ್ರಮ. ಕೂರುವುದು ಮರದ ಮೇಲಲ್ಲವಲ್ಲ! ಅವನು ತಂಗಿ ಮುಗಿಸಿಟ್ಟ ಕುಶನ್ನಿಗೆ ಸರಿಯಾಗಿ ಚೌಕಟ್ಟು ಕೊಯ್ದ. ಜೋಡಿಸಿದಾಗ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರದಷ್ಟು ಬಿಗಿ. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಹಿಗ್ಗಿ ಹೀರೇಕಾಯಿಯಾದರು.

೫

ಮಂಗಳವಾರ ಬೆಳಿಗ್ಗೆ ಮಿಲಿಮೀಟರ್ ಬಂದಳು.

ಮಿಲಿಮೀಟರ್ ಎಂದರೆ ಕಂಪನಿಯ ಡಿಸೈನರ್ ಹುಡುಗಿ. ಅವಳ ಬಾಯಲ್ಲಿ ಸೆಂಟಿಮೀಟರ್ ಕೂಡ ಒರಟು ಮಾತು. ಆದ್ದರಿಂದ ಅಣ್ಣ ತಂಗಿ ಆ ಹೆಸರಿಟ್ಟರು, ಅವಳಿಗೂ ಗೊತ್ತು, ಬೇಸರವಿಲ್ಲ. ಸೋಫಾ ನೋಡಿ "ವಾವ್!" ಎಂದಳು. ಸುತ್ತ ಒಂದು ಸುತ್ತು ಬಂದು "ವಾವ್, ಅಕ್ಕಾ!" ಎಂದಳು. ಆಮೇಲೆ ಸ್ಟೀಲ್ ಟೇಪು ಹೊರತೆಗೆದಳು. ಒಮ್ಮೆ ಅಳೆದಳು. ಮತ್ತೊಮ್ಮೆ ಅಳೆದಳು. ಟೇಪನ್ನೇ ತಿರುಗಿಸಿ ನೋಡಿದಳು.

"ಅಕ್ಕಾ... ಐನೂರ ನಲವತ್ತೈದು ಬರ್ತಿದೆ."

"ಎಷ್ಟಿರಬೇಕಿತ್ತು?"

"ಆರ್ನೂರ ಇಪ್ಪತ್ತು."

ಕತ್ತರಿಯಕ್ಕ ಟೇಪಿನ ಮೇಲೆ ಎಡಗೈ ಬೆರಳು ಜೋಡಿಸಿಟ್ಟು ನೋಡಿದಳು. ಒಂದಲ್ಲ, ಎರಡಲ್ಲ, ಭರ್ತಿ ನಾಲ್ಕು ಬೆರಳು ಕಮ್ಮಿ. ನೆಟ್ಟಗೆ ಅಳತೆ ಪೆಟ್ಟಿಗೆಯ ಹತ್ತಿರ ಹೋಗಿ ಕೂತಳು. ಬಲಗೈ ಹಿಂದಕ್ಕೆ ಹೋಯಿತು. ಹೋದ ಕೈಯನ್ನು ಅವಳು ಮುಂದೆ ತಂದು ಮಡಿಲಲ್ಲಿಟ್ಟುಕೊಂಡು ನೋಡಿದಳು.

"ಅಯ್ಯೋ, ನನ್ ಕೈಯೇ," ಎಂದಳು.

ಅಜ್ಜಿ ಬರುವುದು ಗುರುವಾರ. ಆ ಹಸಿರು ಉಣ್ಣೆಯ ಬಟ್ಟೆ ಒಂದು ಸೋಫಾಕ್ಕೆ ಆಗುವಷ್ಟೇ ಇದ್ದದ್ದು, ನೇಯ್ದ ಗಿರಣಿ ಮುಚ್ಚಿ ಕಾಲವಾಗಿದೆ. ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲ.

ಅಣ್ಣ ಪರದೆಯಾಚೆಯಿಂದ ಬಂದ. ತಂಗಿಯ ಮುಖ ನೋಡಿದ, ಟೇಪು ನೋಡಿದ, ಶಪಥ ನೆನಪಾಯಿತು. ಗೆದ್ದ ಖುಷಿ ಮಾತ್ರ ಎಷ್ಟು ಹುಡುಕಿದರೂ ಅವನಿಗೆ ಸಿಗಲಿಲ್ಲ. (ಇದು ನಾನು ಊಹಿಸಿದ್ದಲ್ಲ, ಆಮೇಲೆ ಅವನೇ ಹೇಳಿದ್ದು.)

೬

ಪಾರಾಗುವ ಉಪಾಯಗಳು, ಬಂದ ಕ್ರಮದಲ್ಲಿ.

ಅಣ್ಣನದು: "ಬೆನ್ನಿನ ದಿಂಬಿಂದ ಸ್ಪಂಜು ತೆಗ್ದು ತೆಳ್ಳಗೆ ಮಾಡೋಣ. ಎರಡು ಬೆರಳು ಹಂಗೇ ಸಿಗುತ್ತೆ."

"ಒರಗಿದ್ರೆ ಹಲಗೆ ಒತ್ತುತ್ತೆ. ಎಪ್ಪತ್ತೆಂಟು ವರ್ಷದ ಬೆನ್ನು ಕಣೋ ಅಣ್ಣ!"

ಮಿಲಿಮೀಟರ್‌ದು: "ಅಕ್ಕಾ, ಇದನ್ನ ಕಾಂಪ್ಯಾಕ್ಟ್ ಎಡಿಷನ್ ಅಂದ್ಬಿಡೋಣ. ಚಿಕ್ಕ ಮನೆಗಳಿಗೆ ಅಂತಾನೇ ಮಾಡಿದ್ದು ಅಂತ. ನಾನೊಂದು ಪ್ರೆಸೆಂಟೇಷನ್ ರೆಡಿ ಮಾಡ್ತೀನಿ. ಹದಿನೈದು ಸ್ಲೈಡ್ ಆದ್ರೆ ಯಾರೂ ಪ್ರಶ್ನೆ ಕೇಳಲ್ಲ."

"ಮಾಡಿದ್ದು ಅಂತಾನಾ? ಮಾಡಿದ್ದಲ್ವಲ್ಲ, ಆಗಿದ್ದು!"

ಮೂರನೆಯ ಉಪಾಯ ನನ್ನದು. ನನಗೂ ಕತ್ತರಿಯಕ್ಕನ ಮೇಲೆ ಅಕ್ಕರೆ ಹುಟ್ಟಿತ್ತು, ಮುಚ್ಚಿಡುವುದೇನು. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ: "ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ಕತೆ ನಂದು. ಎರಡನೇ ಭಾಗದಲ್ಲಿ ಅರವತ್ತೆರಡು ಅಂತ ಬರ್ದಿದ್ದೀನಲ್ಲ, ಅದನ್ನ ಐವತ್ತನಾಲ್ಕೂವರೆ ಅಂತ ತಿದ್ದಿಬಿಟ್ರೆ ತಪ್ಪೇ ಇಲ್ಲ. ಒಂದು ಗೀಟು, ಅಷ್ಟೇ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬರೆಯೋರೇ, ಓದೋರು ಆಗ್ಲೇ ಓದಿಬಿಟ್ಟಿದಾರೆ."

"ಯಾರಿಗೆ ನೆನಪಿರುತ್ತೆ?"

"ನೆನಪಿಟ್ಕೊಳ್ಳಿ ಅಂತ ನೀವೇ ಹೇಳಿದ್ದು. ಆ ಅಂಕಿ ಮುಟ್ಟಿದ್ರೆ ನೋಡಿ!"

ಮುಟ್ಟಲಿಲ್ಲ. ಬೇಕಾದರೆ ಹಿಂದಕ್ಕೆ ಹೋಗಿ ನೋಡಿಕೊಂಡು ಬನ್ನಿ, ನಾನು ಕಾಯುತ್ತೇನೆ.

೭ (ಮುಕ್ತಾಯ, ಮೊದಲ ಮಾದರಿ)

ಗುರುವಾರ. ಡೇನಿಷ್ ಅಜ್ಜಿ ಒಳಗೆ ಬಂದರು. ಪುಟ್ಟ ಆಕೃತಿ, ಹತ್ತಿಯಂಥ ಕೂದಲು. ಮೆಲ್ಲಗೆ ಮೊಮ್ಮಗನ ಮೇಲೆ ಕೂತು ಒರಗಿದರು. ಅವರ ಎರಡು ಪಾದಗಳೂ ನೆಲವನ್ನು ಮುಟ್ಟಿದವು. ಅಜ್ಜಿಯ ಕಣ್ಣಲ್ಲಿ ನೀರು. "ನಮ್ಮಪ್ಪ ಆರಡಿ ಆಳು. ತನ್ನ ಅಳತೆಗೆ ಮಾಡಿಕೊಂಡಿದ್ದರು. ಅವರ ಸೋಫಾದಲ್ಲಿ ಕೂತಾಗ ನನ್ನ ಕಾಲು ನೆಲ ಮುಟ್ಟಿದ್ದು ಇವತ್ತೇ ಮೊದಲು," ಎಂದು ಕತ್ತರಿಯಕ್ಕನ ಕೈ ಹಿಡಿದುಕೊಂಡರು.

(ಅಜ್ಜಿ ಕನ್ನಡ ಹೇಗೆ ಮಾತಾಡಿದರು ಎಂದು ಕೇಳಬೇಡಿ. ಈ ಕತೆಯಲ್ಲಿ ಎಲ್ಲರೂ ಕನ್ನಡವನ್ನೇ ಮಾತಾಡುತ್ತಾರೆ, ನನಗೆ ಬರುವುದು ಅದೊಂದೇ.)

ಇಷ್ಟು ಬರೆದು ಮುಗಿಸಿದೆ. ಮೂಗು ಒರೆಸಿಕೊಂಡು ಕತ್ತರಿಯಕ್ಕನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, "ಹರೀರಿ ಅದನ್ನ," ಎಂದಳು.

"ಯಾಕ್ರೀ! ನೀವು ಗೆದ್ರಲ್ಲ?"

"ನಾನೆಲ್ಲಿ ಗೆದ್ದೆ? ಅಜ್ಜಿ ಗಿಡ್ಡ ಇರೋದು ನನ್ ಕೆಲ್ಸಾನಾ? ಸುಮ್ನೆ ಅದೃಷ್ಟ. ಅಳತೆ ತಪ್ಪಿದ್ದು ತಪ್ಪೇ ಅಲ್ವಾ? ನಾಳೆ ಅಣ್ಣ ಮಶೀನ್ ತರೋದು ಬಿಟ್ಟ ಅಂತಿಟ್ಕೊಳ್ಳಿ. ಪ್ರತಿ ಸಲ ಕತ್ರಿ ಎತ್ತಿದಾಗ್ಲೂ ನಂಗೆ ಇದೇ ಚುಚ್ಚುತ್ತೆ. ಪುಣ್ಯಕ್ಕೆ ಬಚಾವಾದವಳು ನಾನು ಅಂತ."

೭ (ಮುಕ್ತಾಯ, ಎರಡನೇ ಮಾದರಿ. ಸಿಟ್ಟಿನಲ್ಲಿ ಬರೆದದ್ದು)

ಸರಿ ಹಾಗಾದರೆ! ಗುರುವಾರ ಡೇನಿಷ್ ಅಜ್ಜಿ ತಲೆ ಬಗ್ಗಿಸಿ ಬಾಗಿಲು ದಾಟಿ ಬಂದರು. ಆರಡಿ ಎರಡಂಗುಲ. ಕೂತರೆ ಮಂಡಿ ಗಲ್ಲಕ್ಕೆ ಬಂತು. "ಇದು ನಮ್ಮಪ್ಪನ ಸೋಫಾ ಅಲ್ಲ," ಎಂದು ಎದ್ದು ಹೋದರು. ಮರುದಿನವೇ ಮಶೀನು ಬಂತು. ಅಣ್ಣ ಕೈ ಉಜ್ಜಿಕೊಳ್ಳುತ್ತ ಗಹಗಹಿಸಿ ನಕ್ಕ.

"ಏನ್ರೀ ಇದು?" ಈ ಸಲ ಪರದೆ ಸರಿಸಿ ಬಂದದ್ದು ಅಣ್ಣ. "ನಾನೇನು ರಾಕ್ಷಸನಾ ಗಹಗಹಿಸೋಕೆ? ನಾನು ನಗೋದನ್ನ ಯಾವತ್ತಾದ್ರೂ ನೋಡಿದೀರಾ?"

"ಇಲ್ಲ."

"ಮತ್ತೆ! ಅವಳ ಹೆಬ್ಬೆರಳು ನೋಡೋಕಾಗ್ದೆ ಮಶೀನ್ ತರ್ತೀನಿ ಅಂದೆ. ಅವಳು ಬೇಡ ಅಂತಲ್ಲ. ಅದನ್ನ ಬರೀರಿ ಮೊದ್ಲು."

"ಅದನ್ನ ನೀವೇ ಅವರಿಗೆ ಹೇಳಬಹುದಲ್ಲ?"

ಅವನು ಪರದೆ ಎಳೆದುಕೊಂಡ.

ನನಗೆ ರೋಸಿಹೋಯಿತು. ಇಬ್ಬರೂ ಒಂದೊಂದು ತಕರಾರು ತೆಗೆದರೆ ಬಡ ಲೇಖಕ ಎಲ್ಲಿಗೆ ಹೋಗಬೇಕು? "ನಿಮಗೇನು ಬೇಕು ಹೇಳಿಬಿಡಿ," ಎಂದು ಕತ್ತರಿಯಕ್ಕನ ಎದುರು ಕೂತೆ. ಅವಳು ಬಹಳ ಹೊತ್ತು ಯೋಚಿಸಲಿಲ್ಲ.

"ಅಜ್ಜಿ ಕೂರೋಕ್ ಮುಂಚೆ ನಾನು ಹೇಳ್ಬೇಕು. ಅಷ್ಟು ಬರೀರಿ. ಮಿಕ್ಕಿದ್ದು ನಿಮ್ಮಿಷ್ಟ. ಇನ್ನೊಂದು, ಅಜ್ಜಿ ಎಷ್ಟು ಎತ್ತರ ಅಂತ ಮಾತ್ರ ಬರೀಬೇಡಿ."

೮

ಗುರುವಾರ ಮಧ್ಯಾಹ್ನ ಎರಡೂವರೆಗೆ ಡೇನಿಷ್ ಅಜ್ಜಿ ಬಂದರು. ಎತ್ತರ ಬರೆಯುವಂತಿಲ್ಲ. ನೀಲಿ ಕೋಟು, ಕೈಯಲ್ಲಿ ಒಂದು ಪುಟ್ಟ ಚೀಲ, ಎರಡು ವಿಮಾನ ಬದಲಿಸಿ ಹದಿನೇಳು ಗಂಟೆ ಪ್ರಯಾಣ ಮಾಡಿದ ಮುಖ. ಹೋಟೆಲಿಗೆ ಹೋಗಿ ಸುಧಾರಿಸಿಕೊಳ್ಳಿ ಎಂದು ಮಿಲಿಮೀಟರ್ ಎಷ್ಟು ಹೇಳಿದರೂ ಕೇಳದೆ ನೇರ ಶೆಡ್ಡಿಗೇ ಬಂದಿದ್ದರು.

ಮೊದಲು ಅವರು ತಾತನ ಹತ್ತಿರ ಹೋದರು. ತೋಳಿನ ಮೇಲೆ ಕೈಯಾಡಿಸಿ ಏನೋ ಮಾತಾಡಿಕೊಂಡರು. ಅದು ಅಪ್ಪ ಮಗಳ ಮಾತು, ನಾನು ಕಿವಿಗೊಡಲಿಲ್ಲ. ಆಮೇಲೆ ಮೊಮ್ಮಗನ ಕಡೆ ತಿರುಗಿದರು.

ಕತ್ತರಿಯಕ್ಕ ಅಡ್ಡ ಬಂದು ನಿಂತಳು. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದ ನಾಲ್ಕು ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಒಂದ್ನಿಮಿಷ ಅಮ್ಮ. ಕೂರೋ ಜಾಗ ನಾಲ್ಕು ಬೆರಳು ಕಮ್ಮಿ ಇದೆ. ಬಟ್ಟೆ ಹಾಳಾಯ್ತು, ಅದೂ ನನ್ನಿಂದ್ಲೇ. ನಲವತ್ತೆಂಟು ವರ್ಷದಿಂದ ನನ್ ಮೈಗೇ ಅಳತೆ ಇಟ್ಟೂ ಇಟ್ಟೂ ಕೈಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ. ಅಣ್ಣಂದೇನೂ ತಪ್ಪಿಲ್ಲ, ನಾನು ಕೊಟ್ಟಿದ್ದಕ್ಕೆ ಅವನು ಮರ ಹಾಕಿದ. ಹುಡುಗೀದೂ ಇಲ್ಲ. ಇದನ್ನ ತಿಳ್ಕೊಂಡು ಕೂತ್ಕೊಳ್ಳಿ."

ಹೇಳಿ ಮುಗಿಸಿ, ತನ್ನ ಮೇಜಿನ ಹತ್ತಿರ ಹೋಗಿ ಕತ್ತರಿಯನ್ನು ತೆಗೆದು ನೆಲದ ಮೇಲಿಟ್ಟಳು. ಕೆಳಗಿಡುತ್ತೇನೆ ಎಂದವಳು ಕೆಳಗೇ ಇಟ್ಟಳು. ಅವಳಿಗೆ ಅಳು ಬಂದಿತ್ತು. ಜೊತೆಗೆ ಎರಡು ದಿನದಿಂದ ಬೆನ್ನ ಮೇಲೆ ಕೂತಿದ್ದ ಭಾರ ಇಳಿದು ಹಾಯೆನಿಸಿತ್ತು.

ಮಿಲಿಮೀಟರ್ ಅಷ್ಟನ್ನೂ ಅಜ್ಜಿಗೆ ತಿಳಿಸಿದಳು. (ಒಂದು ಮಾತೂ ಬಿಡದೆ, ಹದಿನೈದು ಸ್ಲೈಡುಗಳನ್ನು ಚೀಲದಲ್ಲೇ ಇಟ್ಟುಕೊಂಡು. ಹುಡುಗಿ ಒಳ್ಳೆಯವಳು.) ಅಜ್ಜಿ ತಲೆಯಾಡಿಸಿದರು. ಬಗ್ಗಿ ಕುಶನ್ನಿನ ಅಂಚಿನ ಹೊಲಿಗೆಯನ್ನು ಉಗುರಿನಿಂದ ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಕೋಟು ಬಿಚ್ಚಿ ಕೂತರು.

"ಈಗಲೇ ಏನೂ ಹೇಳುವುದಿಲ್ಲ," ಎಂದರು. "ಕೂತ ತಕ್ಷಣ ಎಲ್ಲ ಸೋಫಾವೂ ಚೆನ್ನಾಗಿಯೇ ಇರುತ್ತದೆ ಎನ್ನುತ್ತಿದ್ದರು ನಮ್ಮಪ್ಪ. ಇಪ್ಪತ್ತು ನಿಮಿಷ ಬೇಕು."

ಐದು ನಿಮಿಷಕ್ಕೆ ಅಜ್ಜಿ ಒರಗಿದರು. ಎಂಟನೇ ನಿಮಿಷಕ್ಕೆ ಬೂಟು ಕಳಚಿದರು. ಹನ್ನೊಂದನೇ ನಿಮಿಷಕ್ಕೆ ಸ್ವಲ್ಪ ಓರೆಯಾಗಿ, ಚೀಲವನ್ನು ತಲೆಗಿಟ್ಟುಕೊಂಡರು. ಹದಿಮೂರನೆಯದಕ್ಕೆ ಗೊರಕೆ.

"ಇಷ್ಟ ಆಯ್ತು ಅಂತ ಅಲ್ವಾ?" ಮಿಲಿಮೀಟರ್ ಪಿಸುಗುಟ್ಟಿದಳು.

"ಏನಿಲ್ಲ. ವಿಮಾನದ ಸುಸ್ತು," ಎಂದಳು ಕತ್ತರಿಯಕ್ಕ, ಅಷ್ಟೇ ಮೆಲ್ಲಗೆ. "ಆ ಸುಸ್ತಿಗೆ ಇಟ್ಟಿಗೆ ಮೇಲೂ ನಿದ್ದೆ ಬರುತ್ತೆ."

ಅಣ್ಣ ಆವರೆಗೆ ಪರದೆಯ ಹತ್ತಿರವೇ ನಿಂತಿದ್ದವನು ತುದಿಗಾಲಲ್ಲಿ ಬಂದ. ಬಗ್ಗಿ ನೆಲದ ಮೇಲಿನ ಕತ್ತರಿ ಎತ್ತಿಕೊಂಡ. ಅದಕ್ಕೆ ಹತ್ತಿದ್ದ ಹೊಟ್ಟನ್ನು ಅಂಗಿಯ ತೋಳಿಗೆ ಒರೆಸಿದ. ತಂಗಿಯ ಮುಂದೆ ಹಿಡಿದ.

"ತಗೊ."

"ಬೇಡ. ಮಾತು ಅಂದ್ರೆ ಮಾತು. ನಾಲ್ಕು ಬೆರಳು ಹೋಗಿದೆ."

"ಅಜ್ಜಿ ಇನ್ನೂ ಏನೂ ಹೇಳಿಲ್ವಲ್ಲ."

"ನಾನೇ ಹೇಳಿದ್ನಲ್ಲ."

"ಶಪಥಾನೂ ನಿಂದು, ತೀರ್ಪೂ ನಿಂದೇನಾ? ಹಂಗಾಗಲ್ಲ. ಅವರು ಎದ್ದು ಹೇಳೋವರ್ಗೂ ಇದು ನಿನ್ ಕೈಲಿರುತ್ತೆ." ಅವನು ಗೋಡೆಯ ಕಡೆ ನೋಡುತ್ತ, ಹುಟ್ಟಿದಾಗಿನಿಂದ ಬಾರದಿದ್ದ ಮಾತನ್ನು ಹೇಗೋ ಹೊರಡಿಸಿದ. "ನಿನ್ ಹೆಬ್ಬೆರಳು ಊದೋದು ನಂಗೆ ನೋಡೋಕಾಗಲ್ಲ. ಅಷ್ಟೇ. ನೀನಿಲ್ದೆ ಈ ಶೆಡ್ಡಲ್ಲಿ ನಾನೊಬ್ನೇ ಏನ್ ಮಾಡ್ಲಿ?"

ಕತ್ತರಿಯಕ್ಕ ಅವನ ಮುಖ ನೋಡಿದಳು. ಮುಖಕ್ಕೆ ಏನೂ ಆಗಿರಲಿಲ್ಲ, ಚೆನ್ನಾಗಿಯೇ ಇತ್ತು.

"ಈಗ ಏನ್ ಕತ್ರಿಸ್ಲಿ? ಬಟ್ಟೆ ಎಲ್ಲಿದೆ?"

"ಕಾಗದ ಕತ್ರಿಸು. ಸರಿಯಾದ್ದು. ನಡಿ."

ಇಬ್ಬರೂ ಅಳತೆ ಪೆಟ್ಟಿಗೆಯ ಹತ್ತಿರ ಹೋದರು. ಅವಳು ಟೇಪು ಹಿಡಿದು ಹಲಗೆಯನ್ನು ಅರವತ್ತೆರಡಕ್ಕೆ ನಿಲ್ಲಿಸಿದಳು. ಅಣ್ಣ ಹಿಂದೆ ನಿಂತು, ತಂಗಿಯ ಕೈ ಬಂದು ಎಳೆಯದಿರಲೆಂದು, ಆ ಹಲಗೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ಅವಳು ಕೂತಳು. ಕೈ ಹಿಂದಕ್ಕೆ ಹೋಗಿಯೇ ಹೋಯಿತು. ಅವನು ಬಿಡಲಿಲ್ಲ. ಇಬ್ಬರಿಗೂ ಒಮ್ಮೆಗೇ ನಗು ಒತ್ತರಿಸಿ ಬಂತು, ಅಜ್ಜಿ ಎದ್ದುಬಿಟ್ಟಾರೆಂದು ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಣ್ಣ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

೯

ಈಗ ನೀವು ಕೇಳುತ್ತೀರಿ, ಅಜ್ಜಿ ಎದ್ದು ಏನೆಂದರು?

ನನ್ನ ಹತ್ತಿರ ಉತ್ತರ ಇದೆ. ಒಂದಲ್ಲ, ನಾಲ್ಕು ಬರೆದಿಟ್ಟಿದ್ದೇನೆ. ಒಂದರಲ್ಲಿ ಅಜ್ಜಿ ಒಪ್ಪುತ್ತಾರೆ, ಒಂದರಲ್ಲಿ ಬೈಯುತ್ತಾರೆ, ಒಂದರಲ್ಲಿ ಎರಡು ಅಳತೆಯಲ್ಲೂ ಮಾಡಿ ಎನ್ನುತ್ತಾರೆ, ಇನ್ನೊಂದರಲ್ಲಿ ಎಚ್ಚರವಾದಾಗ ತಾವು ಎಲ್ಲಿದ್ದೇವೆಂದೇ ಅವರಿಗೆ ತಿಳಿಯುವುದಿಲ್ಲ. ನಾಲ್ಕೂ ಚೆನ್ನಾಗಿವೆ. ಯಾವುದನ್ನು ಹಾಕಬೇಕಾದರೂ ಮೊದಲು ನಾನು ಅಜ್ಜಿಯನ್ನು ಎಬ್ಬಿಸಬೇಕು.

ಅಣ್ಣ ಹೇಳಿದ್ದು ನಿಮಗೂ ಕೇಳಿಸಿತಲ್ಲ? ಅವರು ಎದ್ದು ಹೇಳುವವರೆಗೂ ಕತ್ತರಿ ಅವಳ ಕೈಯಲ್ಲಿ.

ಸಂಪಾದಕರು ಫೋನ್ ಮಾಡಿ ಕೊನೆ ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ಓದುಗರು ಒಪ್ಪುವುದಿಲ್ಲ ಎಂದರು. ಅವರನ್ನೇ ಕಳಿಸಿ, ಬಂದು ನೋಡಿಕೊಂಡು ಹೋಗಲಿ, ಆದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬರಲಿ ಎಂದೆ. ಮಿಲಿಮೀಟರ್ ತನ್ನ ಫೋನಿನ ಗಂಟೆ ಆರಿಸಿದ್ದಾಳೆ. ಅಣ್ಣ ಗರಗಸದ ಪ್ಲಗ್ಗನ್ನೇ ಕಿತ್ತಿಟ್ಟಿದ್ದಾನೆ. ಅಜ್ಜಿಯ ಕೋಟನ್ನು ಯಾರೋ ಅವರ ಕಾಲಿಗೆ ಹೊದಿಸಿದ್ದಾರೆ.

ಪುಟ ತಿರುಗಿಸುವುದಿದ್ದರೆ ನೀವೂ ಸ್ವಲ್ಪ ಮೆಲ್ಲಗೆ ತಿರುಗಿಸಿ. ಅವಳು ಇನ್ನೂ ಅರ್ಧ ಕಾಗದ ಕತ್ತರಿಸುವುದಿದೆ.